ಹನಿ ಕರಗಿದ್ದು ಯಾವುದರಿಂದ?

ಪುಣೆಯ ಪಾಷಾಣ್ ಭಾಗದ ಪ್ರಯೋಗಾಲಯವೊಂದರಲ್ಲಿ ನಾನು ಎರಡು ವರ್ಷಗಳಿಂದ, ಜೀವಕೋಶದೊಳಗೆ ಪ್ರೋಟೀನುಗಳು ಸೇರಿ ಕಟ್ಟುವ ಹನಿಗಳನ್ನು ಸಣ್ಣ ಅಣುಗಳಿಂದ ಹತೋಟಿಗೆ ತರುವ ಕೆಲಸ ಮಾಡುತ್ತಿದ್ದೇನೆ. ಜಿ3ಬಿಪಿ1 ಎಂಬ ಪ್ರೋಟೀನಿಗೆ ಹಸಿರು ಹೊಳಪಿನ ಗುರುತು ಜೋಡಿಸಿದ ಮಾನವ ಕೋಶಗಳಿಗೆ 0.5 ಮಿಲಿಮೋಲಾರ್ ಸೋಡಿಯಂ ಆರ್ಸೆನೈಟ್ ಎಂಬ ವಿಷ ಹಾಕಿ ಒತ್ತಡಕ್ಕೆ ಒಡ್ಡಿದರೆ, ಒಂದು ಗಂಟೆಯೊಳಗೆ ಪ್ರೋಟೀನ್ ತಯಾರಿಕೆ ಕುಂಠಿತವಾಗಿ, ಪ್ರೋಟೀನ್ ಕಟ್ಟುವ ಯಂತ್ರಗಳಾದ ರೈಬೋಸೋಮುಗಳಿಂದ ಕಳಚಿಕೊಂಡ ಆರ್‌ಎನ್‌ಎಯೊಡನೆ ಜಿ3ಬಿಪಿ1 ಕೂಡಿಕೊಂಡು ಸ್ಟ್ರೆಸ್ ಗ್ರ್ಯಾನ್ಯೂಲ್ ಎನ್ನುವ ಹನಿಗಳು ಮೂಡುತ್ತವೆ. ಸಾರಿನ ಮೇಲೆ ತೇಲುವ ಒಗ್ಗರಣೆಯ ಎಣ್ಣೆಯಂತೆ ಎರಡು ಹನಿಗಳು ತಾಗಿ, ಒಂದಾಗಿ, ಮತ್ತೆ ದುಂಡಗಾಗುವುದನ್ನು ಮೊದಲ ಸಲ ಕಂಡ ದಿನ ನಾನು ಸೂಕ್ಷ್ಮದರ್ಶಕ ಬಿಟ್ಟು ಊಟಕ್ಕೆ ಏಳಲಿಲ್ಲ.

ಮೊದಲು ಬಳಸಿದ್ದು, ಈ ಕ್ಷೇತ್ರದಲ್ಲಿ ಬಹಳ ಮಂದಿ ಬಳಸುವ ಆಲ್ಕೋಹಾಲು, 1,6-ಹೆಕ್ಸೇನ್‌ಡಯಾಲ್. ಶೇ. 5ರ ದ್ರಾವಣ ಹಾಕಿದ ಕೆಲವೇ ನಿಮಿಷಗಳಲ್ಲಿ ಹನಿಗಳು ಮಾಸಿಹೋದವು. ಕೆಲಸ ಕೈಗೂಡಿತೆಂದೇ ನಾನು ತಿಳಿದೆ. ಜೊತೆಗೆ ಕೆಲಸ ಮಾಡುವ ವಿಜಯಪುರದ ಹುಡುಗಿ ಚಿತ್ರದ ಅಂಚನ್ನು ತೋರಿಸಿ, "ಅಕ್ಕಾರ, ಹನಿ ಅಷ್ಟ ಹೋಗಿಲ್ರೀ, ಕೋಶನೂ ಕುಗ್ಗ್ಯಾವ ನೋಡ್ರಿ" ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಈ ಆಲ್ಕೋಹಾಲು ದುರ್ಬಲವಾದ ಜಲವಿರೋಧಿ ಬಂಧಗಳನ್ನು ಸಡಿಲಿಸುವುದರ ಜೊತೆಗೆ ಕೋಶದ ಪೊರೆಗೂ ಏಟು ಕೊಡುತ್ತದೆ, ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವ ಕೈನೇಸ್ ಮತ್ತು ಅದನ್ನು ಕೀಳುವ ಫಾಸ್ಫಟೇಸ್ ಕಿಣ್ವಗಳನ್ನೂ ತಡೆಯುತ್ತದೆ. ಇದೇ ಬಗೆಯದಾದರೂ ಹನಿ ಕರಗಿಸುವ ಶಕ್ತಿ ಕಡಿಮೆಯಿರುವ 2,5-ಹೆಕ್ಸೇನ್‌ಡಯಾಲನ್ನು ಹೋಲಿಕೆಗೆ ಇಡದೆ ತೆಗೆದ ಆ ಚಿತ್ರಗಳನ್ನೆಲ್ಲ ನಾನು ಬದಿಗಿಟ್ಟೆ.

ಆಮೇಲೆ ಇಸ್ರಿಬ್ ಎಂಬ ಅಣುವಿಗೆ ಬಂದೆ. ಇದಕ್ಕೆ 200 ನ್ಯಾನೋಮೋಲಾರ್ ಸಾಕು, ಮತ್ತು ಇದು ಹಿಡಿಯುವ ಜಾಗವೂ ಗೊತ್ತಿದೆ: ಪ್ರೋಟೀನ್ ತಯಾರಿಕೆ ಆರಂಭಿಸುವ ಇಐಎಫ್2 ಎಂಬ ಪ್ರೋಟೀನನ್ನು ಚುರುಕುಗೊಳಿಸುವ ಇಐಎಫ್2ಬಿ ಎಂಬ ಇನ್ನೊಂದು ಪ್ರೋಟೀನು. ಒತ್ತಡದಲ್ಲಿ ಫಾಸ್ಫೇಟ್ ಅಂಟಿಸಿಕೊಂಡ ಇಐಎಫ್2 ಈ ಇಐಎಫ್2ಬಿಯನ್ನು ಕಟ್ಟಿಹಾಕುತ್ತದೆ. ಇಸ್ರಿಬ್ ಅದನ್ನು ಬಿಡಿಸಿ, ಪ್ರೋಟೀನ್ ತಯಾರಿಕೆಯನ್ನು ಮತ್ತೆ ಆರಂಭಿಸುತ್ತದೆ. ಆರ್ಸೆನೈಟನ್ನು ತಗ್ಗಿಸಿ ಕೊಟ್ಟ ಕೋಶಗಳಲ್ಲಿ, ಇಸ್ರಿಬ್ ಇದ್ದಾಗ ಹನಿಗಳು ಕಡಿಮೆಯಾದವು, ಕೋಶಗಳು ಹಿಗ್ಗಿ ಚಪ್ಪಟೆಯಾಗಿ ಆರೋಗ್ಯವಾಗಿಯೇ ಇದ್ದವು. ಆದರೆ ಆರ್ಸೆನೈಟಿನ ಪ್ರಮಾಣವನ್ನು 0.5 ಮಿಲಿಮೋಲಾರಿಗೆ ಏರಿಸಿದಾಗ, ಫಾಸ್ಫೇಟ್ ಹೊತ್ತ ಇಐಎಫ್2 ಮಿತಿಮೀರಿ, ಇಸ್ರಿಬ್ ಹಾಕಿದ್ದಕ್ಕೂ ಹಾಕದಿದ್ದಕ್ಕೂ ವ್ಯತ್ಯಾಸ ಕಾಣಲಿಲ್ಲ.

ನನಗೆ ಹೆಚ್ಚು ಕಲಿಸಿದ್ದು ಕೋಶವೇ ಇಲ್ಲದ ಪ್ರಯೋಗ. ಶುದ್ಧೀಕರಿಸಿದ ಜಿ3ಬಿಪಿ1 ಮತ್ತು ಆರ್‌ಎನ್‌ಎಯನ್ನು ಕೊಳವೆಯಲ್ಲಿ ಬೆರೆಸಿದಾಗ ದ್ರಾವಣ ಮಜ್ಜಿಗೆ ತಿಳಿಯಂತೆ ಮಬ್ಬಾಯಿತು. ಅದಕ್ಕೆ ಇಸ್ರಿಬ್ ಹಾಕಿದರೂ ಮಬ್ಬು ಹಾಗೆಯೇ ಉಳಿಯಿತು. ಇಸ್ರಿಬ್ ಹನಿಯನ್ನು ಮುಟ್ಟುವುದಿಲ್ಲ, ಹನಿಗೆ ಸೇರಬೇಕಾದ ಆರ್‌ಎನ್‌ಎಯನ್ನು ರೈಬೋಸೋಮಿನಲ್ಲೇ ಉಳಿಸುತ್ತದೆ. ಈಗ ಯಾವ ಹೊಸ ಅಣು ಬಂದರೂ ನಾನು ಮೊದಲು ಆ ಕೊಳವೆಗೆ ಹಾಕಿ ನೋಡಿ, ನಂತರವೇ ಕೋಶಗಳಿಗೆ ಕೊಡುತ್ತೇನೆ.