ಕಾಂಪ್ ಕ್ಲಾಸಿನ ಹಾಜರಾತಿ: ಮೂರು ಗೈರು, ಒಂದು ಕಾರ್ಡು

ಅಮೆರಿಕದ ಬಹುತೇಕ ಯೂನಿವರ್ಸಿಟಿಗಳಲ್ಲಿ ಮೊದಲ ವರ್ಷದವರಿಗೆ ಬರವಣಿಗೆಯ ಕೋರ್ಸ್ ಕಡ್ಡಾಯ. ಅಲ್ಲಿಯವರ ಬಾಯಲ್ಲಿ ಅದು 'ಕಾಂಪ್', ಅಂದರೆ ಕಾಂಪೊಸಿಷನ್. ನಮ್ಮ ಕಡೆಯಿಂದ ಪಿಎಚ್‌ಡಿಗೆ ಹೋದವರಲ್ಲೂ ಕೆಲವರಿಗೆ ಟಿಎ (ಟೀಚಿಂಗ್ ಅಸಿಸ್ಟೆಂಟ್) ಕೆಲಸ ಅಂತ ಸಿಗುವುದು ಇದೇ. ಪಠ್ಯ, ಪ್ರಬಂಧದ ವಿಷಯ ಹೇಗೋ ಹೊಂದಿಕೊಳ್ಳುತ್ತವೆ. ಸೆಮಿಸ್ಟರ್ ಪೂರ್ತಿ ತಲೆ ತಿನ್ನುವುದು ಸಿಲಬಸ್ಸಿನ ಹಾಜರಾತಿ ಪ್ಯಾರಾ. ನಾನು ಅದನ್ನು ಬರೆಯುವ ಕ್ರಮ ಇದು.

ಮೊದಲು ಡಿಪಾರ್ಟ್‌ಮೆಂಟಿನ ನಿಯಮ ಓದಬೇಕು. ಇಷ್ಟು ಗೈರಾದರೆ ಫೇಲ್ ಎಂದು ಅಲ್ಲೇ ಬರೆದಿದ್ದರೆ ಅದನ್ನು ಮೀರುವಂತಿಲ್ಲ, ಅದರೊಳಗೇ ಉಳಿದದ್ದನ್ನು ಕೂರಿಸಬೇಕು. ಆಮೇಲೆ ಕ್ಯಾಲೆಂಡರ್ ಹಿಡಿದು ಕ್ಲಾಸುಗಳನ್ನು ಎಣಿಸುತ್ತೇನೆ. ಮಂಗಳವಾರ–ಗುರುವಾರ 75 ನಿಮಿಷದ ಕ್ಲಾಸಾದರೆ 15 ವಾರಕ್ಕೆ 30. ಥ್ಯಾಂಕ್ಸ್‌ಗಿವಿಂಗ್ ಮತ್ತಿತರ ರಜೆ ಕಳೆದು 28 ಅಂದುಕೊಳ್ಳಿ. ನಮಗೆ ರೂಢಿಯಾದ ಶೇ. 75ರ ಲೆಕ್ಕ ಹಿಡಿದರೆ 7 ಗೈರು ಮಾಫಿ. ಅಂದರೆ ಮೂರೂವರೆ ವಾರ. ಸೆಮಿಸ್ಟರಿಗೆ ನಾಲ್ಕು ಪ್ರಬಂಧ ಇಟ್ಟರೆ ಒಂದೊಂದಕ್ಕೆ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ. ಒಂದು ಇಡೀ ಪ್ರಬಂಧದ ಕ್ಲಾಸಿಗೆ ಬಾರದವನೂ 'ಶಾರ್ಟೇಜ್ ಇಲ್ಲ' ಎಂದು ದಾಟಿಬಿಡುತ್ತಾನೆ. ಬೆಂಗಳೂರಿಂದ ನೇರ ಡಿಗ್ರಿಗೆ ಬಂದ ಹುಡುಗರು ಮೊದಲ ವಾರವೇ ಎಷ್ಟು ಬಂಕ್ ಹೊಡೆಯಬಹುದು ಎಂದು ಲೆಕ್ಕ ಹಾಕಿರುತ್ತಾರೆ. ಅವರಿಗೆ ಈ ಗಣಿತ ಬೋರ್ಡಿನ ಮೇಲೇ ತೋರಿಸುವುದು ಒಳ್ಳೆಯದು.

ನಾನು ಇಡುವುದು ಮೂರು ಗೈರು, ಅಂದರೆ ಒಂದೂವರೆ ವಾರ. ವಾರಕ್ಕೆ ಮೂರು ದಿನ 50 ನಿಮಿಷದ ಕ್ಲಾಸಾದರೆ ನಾಲ್ಕು. ಕಾರಣ ಕೇಳುವುದಿಲ್ಲ. ಜ್ವರವೋ, ನಿದ್ದೆಯೋ, ಗೆಳತಿಯ ಊರೋ, ಅವರಿಗೆ ಬಿಟ್ಟದ್ದು. ಅದರಾಚೆ ಪ್ರತಿ ಗೈರಿಗೆ ಒಟ್ಟು ನೂರರಲ್ಲಿ 3 ಅಂಕ ಕಡಿತ. ಬಿ ಇದ್ದದ್ದು ಬಿ ಮೈನಸ್ ಆಗುವಷ್ಟು. 'ಸಕಾರಣ', 'ಅಕಾರಣ' ಎಂದು ವಿಂಗಡಿಸಲು ಹೊರಟರೆ ಕೆಡುವುದು ಇಲ್ಲೇ: ಮೇಷ್ಟ್ರು ಡಾಕ್ಟರ್ ಚೀಟಿ ತಪಾಸಣೆ ಮಾಡುವ ಗುಮಾಸ್ತನಾಗುತ್ತಾನೆ, ಇನ್ಶೂರೆನ್ಸ್ ಸರಿಯಿಲ್ಲದೆ ಡಾಕ್ಟರ ಹತ್ತಿರವೇ ಹೋಗದವನು ಸುಳ್ಳುಗಾರನಾಗುತ್ತಾನೆ.

ಆದರೆ ಕೆಲವು ಗೈರು ಈ ಲೆಕ್ಕಕ್ಕೇ ಸೇರುವುದಿಲ್ಲ. ಗರ್ಭಿಣಿಗೆ, ಬಾಣಂತಿಗೆ ವೈದ್ಯಕೀಯವಾಗಿ ಬೇಕಾದಷ್ಟು ದಿನ ಬಿಡಲೇಬೇಕು. ಅದು ಟೈಟಲ್ ನೈನ್, ಶಿಕ್ಷಣದಲ್ಲಿ ಲಿಂಗತಾರತಮ್ಯ ತಡೆಯುವ ಕಾನೂನು. ಯೂನಿವರ್ಸಿಟಿ ತಂಡದಲ್ಲಿ ಆಡಲು ಹೋಗುವವರು ಪ್ರಯಾಣದ ಪತ್ರ ತರುತ್ತಾರೆ. ಅಂಗವೈಕಲ್ಯ ಸೇವೆಯ ಕಚೇರಿಯಿಂದ ಹಾಜರಾತಿ ಸಡಿಲಿಕೆಯ ಪತ್ರ ಬಂದಾಗ ಅವರು ಕೇಳುವ ಪ್ರಶ್ನೆ: ಈ ಕೋರ್ಸಿಗೆ ಹಾಜರಾತಿ ನಿಜಕ್ಕೂ ಮೂಲಭೂತವೇ, ಏಕೆ? ಆಗ 'ಶಿಸ್ತು' ಎಂದರೆ ನಡೆಯುವುದಿಲ್ಲ. ಒಬ್ಬನೇ ಕೂತು ಮಾಡಲಾಗದ ಕೆಲಸ ಯಾವುದು ಎಂದು ಮೊದಲೇ ಬರೆದಿಟ್ಟಿರಬೇಕು. ಕಾಂಪ್‌ನಲ್ಲಿ ಅದು ಪೀರ್ ರಿವ್ಯೂ, ಒಬ್ಬರ ಕರಡನ್ನು ಇನ್ನೊಬ್ಬರು ಓದುವ ದಿನ.

ಆ ದಿನಕ್ಕೆ ನಿಯಮ ಬೇರೆ. ಮೂವರ ಗುಂಪು, ತಲಾ 20 ನಿಮಿಷ. ಕನಿಷ್ಠ ಎರಡು ಪುಟದ ಕರಡು, ಮೂರು ಪ್ರತಿ. ಕೈಬೀಸಿಕೊಂಡು ಬಂದವನು ಓದಬಲ್ಲ, ಓದಿಸಲಾರ. ಅವನಿಗೆ ಅರ್ಧ ಗೈರು. ಬಾರದವನು 48 ಗಂಟೆಯೊಳಗೆ ಇಬ್ಬರ ಕರಡು ತರಿಸಿಕೊಂಡು ಒಂದೊಂದಕ್ಕೆ 200 ಪದದ ಪ್ರತಿಕ್ರಿಯೆ ಬರೆದುಕೊಟ್ಟರೆ ಗೈರು ಅರ್ಧಕ್ಕಿಳಿಯುತ್ತದೆ. ಸೆಮಿಸ್ಟರಿಗೆ ಎರಡೇ ಸಲ. ಜ್ವರ ಬಂದವರನ್ನು ಝೂಮ್‌ನಲ್ಲಿ ಸೇರಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ: ಗುಂಪಿನ ಉಳಿದಿಬ್ಬರ 20 ನಿಮಿಷ ಮೈಕ್ ಸರಿಮಾಡುವುದರಲ್ಲೇ ಮುಗಿಯುತ್ತದೆ.

ಇನ್ನು ಕಾರ್ಡು. ಹೆಸರು ಕೂಗುವುದಿಲ್ಲ. ಬಾಗಿಲ ಬಳಿ ಮೂರು–ಐದು ಇಂಚಿನ ಇಂಡೆಕ್ಸ್ ಕಾರ್ಡಿನ ಕಟ್ಟು, ಬೋರ್ಡಿನಲ್ಲಿ ಅವತ್ತಿನ ಓದಿನ ಮೇಲೊಂದು ಪ್ರಶ್ನೆ. ತಾರೀಕು, ಹೆಸರು, ನಾಲ್ಕೈದು ಸಾಲು, ಐದು ನಿಮಿಷ. ಎಂಟನೇ ನಿಮಿಷಕ್ಕೆ ಬಿಳಿ ಕಾರ್ಡು ಎತ್ತಿಟ್ಟು ಹಳದಿ ಕಾರ್ಡು ಇಡುತ್ತೇನೆ. ಹಳದಿ ಎಂದರೆ ತಡ, ಅದಕ್ಕೆ ಅಂಕ ಕಡಿತವಿಲ್ಲ. ಕಾಲು ಗಂಟೆ ದಾಟಿ ಬಂದರೆ ಮಾತ್ರ ಅರ್ಧ ಗೈರು. 'ಮೂರು ತಡ ಸೇರಿದರೆ ಒಂದು ಗೈರು' ಎಂಬ ನಿಯಮ ಕಾಗದದ ಮೇಲೆ ಚೆಂದ. ನವೆಂಬರಿನಲ್ಲಿ ಯಾವ ತಡ ಯಾವತ್ತಿನದು ಎಂಬ ಜಗಳಕ್ಕೆ ಕೂರಬೇಕಾಗುತ್ತದೆ. ಕಾರ್ಡು ಬರೆದು ಮೆಲ್ಲಗೆ ಜಾರಿಕೊಳ್ಳುವವರೂ ಇದ್ದಾರೆ. ಅದಕ್ಕೇ ಆಗಾಗ, ಮುನ್ಸೂಚನೆ ಕೊಡದೆ, ಕ್ಲಾಸಿನ ಕೊನೆಗೆ ಅದೇ ಕಾರ್ಡು ಹಿಂದಿರುಗಿಸಿ ಹಿಂಬದಿಗೆ ಇನ್ನೆರಡು ಸಾಲು ಬರೆಸುತ್ತೇನೆ.

ಹೊಸಬರು ಸಾಮಾನ್ಯವಾಗಿ ಎಡವುವುದು ಒಂದೇ ಗೈರಿಗೆ ಮೂರು ದಂಡ ಹಾಕುವುದರಲ್ಲಿ. ಹಾಜರಾತಿ ಕಡಿತ ಒಂದು, 'ಪಾರ್ಟಿಸಿಪೇಶನ್' ಅಂಕದಲ್ಲಿ ಇನ್ನೊಂದು, ಪೀರ್ ರಿವ್ಯೂಗೆ ಸೊನ್ನೆ ಮತ್ತೊಂದು. ಚೆನ್ನಾಗಿ ಬರೆಯುವ ಹುಡುಗಿ ಐದು ಗೈರಿಗೆ ಸಿ ಪಡೆದು ಮೇಲ್ಮನವಿ ಹಾಕಿದಾಗ ಉತ್ತರ ಇರುವುದಿಲ್ಲ. ನಾನು ಪಾರ್ಟಿಸಿಪೇಶನ್ ಅಂಕವನ್ನೇ ತೆಗೆದುಹಾಕಿದ್ದೇನೆ.

ಸತತ ಎರಡು ಗೈರಾದರೆ ಅವತ್ತೇ ಮೇಲ್. ಕೋರ್ಸ್ ಬಿಡುವ ಮಾತು ಬಂದಾಗ ಒಂದು ಎಚ್ಚರ: ಎಫ್-1 ಎಂಬ ವಿದ್ಯಾರ್ಥಿ ವೀಸಾದ ಮೇಲೆ ಡಿಗ್ರಿ ಓದುವವರು ಸಾಮಾನ್ಯವಾಗಿ ಸೆಮಿಸ್ಟರಿಗೆ 12 ಕ್ರೆಡಿಟ್‌ಗಿಂತ ಕೆಳಗಿಳಿಯುವಂತಿಲ್ಲ. 'ಡ್ರಾಪ್ ಮಾಡು' ಎಂದು ಬಾಯಿತಪ್ಪಿಯೂ ಹೇಳದೆ ಮೊದಲು ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಕಳಿಸಬೇಕು.

ಹೇಳದೆ ಕೇಳದೆ ಮಾಯವಾದವರದು ಬೇರೆ ಕತೆ. ಎಫ್, ಅಂದರೆ ಫೇಲ್ ಗ್ರೇಡ್, ಹಾಕುವಾಗ ಯೂನಿವರ್ಸಿಟಿ ಕಚೇರಿಯವರು ಕಡೆಯ ಹಾಜರಿಯ ತಾರೀಕು ಕೇಳುತ್ತಾರೆ, ಏಕೆಂದರೆ ಓದಿಗೆಂದು ಫೆಡರಲ್ ಸರ್ಕಾರ ಕೊಡುವ ನೆರವಿನ ಹಣ ವಾಪಸಾಗುವ ಲೆಕ್ಕ ಅದರ ಮೇಲೆ ನಿಂತಿದೆ, ಅವಧಿಯ ಶೇ. 60 ದಾಟಿದ್ದರೆ ನೆರವು ಪೂರ್ತಿ ಅವನದು. ಕೋರ್ಸಿನ ವೆಬ್‌ಸೈಟಿಗೆ ಬರೀ ಲಾಗಿನ್ ಆದದ್ದು ಹಾಜರಿಯಲ್ಲ, ಏನಾದರೂ ಕೆಲಸ ಒಪ್ಪಿಸಿರಬೇಕು. ಅಲ್ಲಿ ನೆರವಿಗೆ ಬರುವುದು ಡಬ್ಬದಲ್ಲಿರುವ ಕೊನೆಯ ಕಾರ್ಡು: ಅವನದೇ ಅಕ್ಷರ, ಮೇಲೆ ತಾರೀಕು.