‘ಸುಧಾರಣೆ ಇದೆ’ ಎಂದರೆ ಎಷ್ಟು? ರೋಗಿಯ ಸಾಮರ್ಥ್ಯವನ್ನು ಅಳೆದು ಬರೆಯುವ ಕ್ರಮ

ಪಾರ್ಶ್ವವಾಯುವಿಗೆ ಮಂಗಳೂರಿನಲ್ಲಿ ಚಿಕಿತ್ಸೆ ಪಡೆದು ಬದಿಯಡ್ಕಕ್ಕೋ ಪೈವಳಿಕೆಗೋ ಮರಳುವ ರೋಗಿಯ ಡಿಸ್ಚಾರ್ಜ್ ಚೀಟಿಯಲ್ಲಿ ‘ಸುಧಾರಣೆ ಇದೆ’ ಎಂದಷ್ಟೇ ಇದ್ದರೆ, ಮುಂದೆ ಮನೆಗೆ ಬರುವ ಪಾಲಿಯೇಟಿವ್ ನರ್ಸ್‌ಗಾಗಲಿ ಕಾಸರಗೋಡಿನ ಫಿಸಿಯೋಥೆರಪಿಸ್ಟ್‌ಗಾಗಲಿ ಅದರಿಂದ ಏನೂ ತಿಳಿಯುವುದಿಲ್ಲ. ಚೀಟಿ ಒಂದು ಭಾಷೆಯಲ್ಲಿ, ಮನೆಯ ದಾಖಲೆ ಮಲಯಾಳದಲ್ಲಿ, ಮನೆಯವರ ಮಾತು ಕನ್ನಡದಲ್ಲಿ ಇರುವ ಈ ಕರ್ನಾಟಕ–ಕೇರಳ ಗಡಿಯಲ್ಲಿ ಅಳತೆಯಾದರೂ ಒಂದೇ ಆಗಿರಬೇಕು.

ಮೊದಲು ಒಂದು ಮಾಪಕವನ್ನು ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಬಳಸಬೇಕು. ರೋಗಿ ದಿನನಿತ್ಯದ ಕೆಲಸಗಳನ್ನು ಎಷ್ಟು ಸ್ವತಂತ್ರವಾಗಿ ಮಾಡುತ್ತಾರೆ ಎಂದು ಅಳೆಯುವ, 1965ರಲ್ಲಿ ಪ್ರಕಟವಾದ ಬಾರ್ತೆಲ್ ಸೂಚ್ಯಂಕ ಇಂದಿಗೂ ಬಳಕೆಯಲ್ಲಿದೆ. ಊಟ, ಸ್ನಾನ, ಬಟ್ಟೆ ತೊಡುವುದು, ಮಲಮೂತ್ರದ ಹಿಡಿತ, ನಡಿಗೆ, ಮೆಟ್ಟಿಲು ಮೊದಲಾದ 10 ಕೆಲಸಗಳಿಗೆ ಒಟ್ಟು 100 ಅಂಕ.

ಅಂಕ ಕೊಡುವಾಗ ರೋಗಿ ದಿನನಿತ್ಯ ಏನು ಮಾಡುತ್ತಾರೆ ಎಂಬುದನ್ನು ನೋಡಬೇಕೇ ಹೊರತು ಮನಸ್ಸು ಮಾಡಿದರೆ ಏನು ಮಾಡಿಯಾರು ಎಂಬುದನ್ನಲ್ಲ. ಊರುಗೋಲು ಹಿಡಿದು ನಡೆದರೂ ಅದು ಸ್ವತಂತ್ರ ನಡಿಗೆಯೇ. ಆದರೆ ಬೀಳದಿರಲೆಂದು ಮಗಳು ಪಕ್ಕದಲ್ಲಿ ನಿಲ್ಲಲೇಬೇಕಿದ್ದರೆ, ಆಕೆ ಕೈ ಹಿಡಿಯದಿದ್ದರೂ ಅದು ಸ್ವತಂತ್ರ ನಡಿಗೆಯಲ್ಲ. ಮನೆಯವರು ‘ಅವರೇ ನಡೀತಾರೆ’ ಎಂದಾಗ ಇದೊಂದನ್ನು ಕೇಳದೆ ಬಿಡಬಾರದು.

ಮೊತ್ತವನ್ನಷ್ಟೇ ಬರೆಯುವ ರೂಢಿಯನ್ನು ಕೈಬಿಡುವುದೇ ಮೇಲು. ಮೆಟ್ಟಿಲು ಹತ್ತಲಾಗದೆ 10 ಅಂಕ ಕಳೆದುಕೊಂಡವರಿಗೂ ಮೂತ್ರದ ಹಿಡಿತ ತಪ್ಪಿ 10 ಅಂಕ ಕಳೆದುಕೊಂಡವರಿಗೂ ಸಿಗುವುದು 90. ಮೊದಲನೆಯವರಿಗೆ ಕೈಹಿಡಿ ಕಂಬಿ ಬೇಕು, ಎರಡನೆಯವರಿಗೆ ಬೇರೆಯೇ ಆರೈಕೆ. ಆದ್ದರಿಂದ ಮೊತ್ತದ ಪಕ್ಕದಲ್ಲಿ ಹತ್ತೂ ಅಂಕಗಳಿರಲಿ.

ಮುಂದಿನ ಹಂತ, ಕಂಡದ್ದನ್ನು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿದ, ವ್ಯಕ್ತಿಯ ಕಾರ್ಯಸಾಮರ್ಥ್ಯವನ್ನು ಸಂಕೇತಗಳಲ್ಲಿ ಬರೆಯುವ ಐಸಿಎಫ್ ವರ್ಗೀಕರಣಕ್ಕೆ ಹೊಂದಿಸುವುದು. ಅಲ್ಲಿ ನಡಿಗೆಯ ಸಂಕೇತ ಡಿ450; ತೊಂದರೆ ಇಲ್ಲದಿದ್ದರೆ 0, ಅಲ್ಪವಾದರೆ 1, ಮಧ್ಯಮವಾದರೆ 2, ತೀವ್ರವಾದರೆ 3, ಸಂಪೂರ್ಣವಾದರೆ 4. ಸಂಕೇತದ ಮುಂದೆ ಚುಕ್ಕಿಯಿಟ್ಟು ಇಂಥ ಎರಡು ಅಂಕೆಗಳನ್ನು ಬರೆಯಬೇಕು. ಚುಕ್ಕಿಯ ನಂತರದ ಮೊದಲ ಅಂಕೆ ರೋಗಿ ತನ್ನ ಪರಿಸರದಲ್ಲಿ ನಿಜವಾಗಿ ಮಾಡುವುದನ್ನು ಹೇಳಿದರೆ, ಎರಡನೆಯದು ಎಲ್ಲರಿಗೂ ಸಮಾನವಾದ ಪರಿಸರದಲ್ಲಿ, ನೆರವಿಲ್ಲದೆ, ಆತನಿಗಿರುವ ಸಾಮರ್ಥ್ಯವನ್ನು ಹೇಳುತ್ತದೆ. ಆಸ್ಪತ್ರೆಯ ಸಮತಟ್ಟಾದ ಹಜಾರದಲ್ಲಿ ಹೆಚ್ಚು ಕಷ್ಟವಿಲ್ಲದೆ ನಡೆದವರು, ಗುಡ್ಡದ ಬದಿಯ ಮನೆಯಲ್ಲಿ ಮಳೆಗೆ ಪಾಚಿಗಟ್ಟಿದ ಮುರಕಲ್ಲಿನ ಅಂಗಳ ದಾಟಲಾರದೆ ಜಗಲಿಯಲ್ಲೇ ಉಳಿಯಬಹುದು. ಅವರಿಗೆ ಡಿ450.31 ಎಂದು ಬರೆದರೆ, ಎರಡು ಅಂಕೆಗಳ ಅಂತರವೇ ತೊಡಕು ಕಾಲಿನಲ್ಲಷ್ಟೇ ಅಲ್ಲ, ದಾರಿಯಲ್ಲೂ ಇದೆ ಎಂದು ತೋರಿಸುತ್ತದೆ. ವ್ಯಾಯಾಮವನ್ನು ಹೆಚ್ಚಿಸುವ ಮೊದಲು ಅಂಗಳವನ್ನು ಸರಿಪಡಿಸುವ ಮಾತು ಆಗ ಬರುತ್ತದೆ.

ಬದಲಾವಣೆಯನ್ನು ಓದುವಾಗಲೂ ಎಚ್ಚರ ಬೇಕು. ಬಾರ್ತೆಲ್ ಅಂಕಗಳು ಏರಿಳಿತದ ಕ್ರಮವನ್ನು ಸೂಚಿಸುತ್ತವೆಯೇ ಹೊರತು ಸಮಾನ ಅಂತರಗಳನ್ನಲ್ಲ. 20ರಿಂದ 30ಕ್ಕೆ ಏರಿದ್ದೂ 80ರಿಂದ 90ಕ್ಕೆ ಏರಿದ್ದೂ ಒಂದೇ ಪ್ರಮಾಣದ ಚೇತರಿಕೆಯಲ್ಲ. ಇಂಥದೇ ಇನ್ನೊಂದು ಮಾಪಕವಾದ, 18ರಿಂದ 126ರವರೆಗೆ ಅಂಕವಿರುವ ಫಿಮ್‌ನ 60ನ್ನು ಬಾರ್ತೆಲ್‌ನ 60ರೊಂದಿಗೆ ಹೋಲಿಸುವುದಂತೂ ಸಲ್ಲದು. ರಾಶ್ ವಿಶ್ಲೇಷಣೆಯಂಥ ಸಂಖ್ಯಾಶಾಸ್ತ್ರೀಯ ವಿಧಾನದಿಂದ ಸಿದ್ಧಪಡಿಸಿದ ಪರಿವರ್ತನಾ ಕೋಷ್ಟಕವಿದ್ದರೆ ಮಾತ್ರ ಬೇರೆ ಬೇರೆ ಮಾಪಕಗಳ ಅಂಕಗಳನ್ನು ಒಂದೇ ಅಳತೆಗೆ ತರಬಹುದು.

ವರದಿಯಲ್ಲಿ ಮಾಪಕದ ಹೆಸರು, ದಿನಾಂಕ, ಅಳೆದವರು, ಸ್ಥಳ, ಬಳಸಿದ ಸಾಧನ ಇಷ್ಟೂ ಇರಬೇಕು. ಕಣ್ಣಾರೆ ನೋಡಿದ್ದೋ ಕೇಳಿ ತಿಳಿದದ್ದೋ ಎಂಬುದನ್ನು ಮರೆಯದೆ ಸೇರಿಸಬೇಕು. ಅದರ ಒಂದು ಪ್ರತಿ ರೋಗಿಯ ಕೈಯಲ್ಲೇ ಇದ್ದರೆ ತಲಪಾಡಿ ಗಡಿಯ ಆಚೆ ಈಚೆ ಯಾವ ವೈದ್ಯರ ಬಳಿ ಹೋದರೂ ಮುಂದಿನ ಅಳತೆಯನ್ನು ಅಲ್ಲಿಂದಲೇ ಆರಂಭಿಸಬಹುದು.