ಬೀಳುವವರ ಲೆಕ್ಕ

ಸೈಕಲ್ಲಿನ ಮುಂದಿನ ರಿಮ್ ಎರಡು ರೀತಿಯಲ್ಲಿ ಹಾಳಾಗುತ್ತದೆ. ಗುಂಡಿಗೆ ಇಳಿದರೆ ಸ್ಟೀಲ್ ಪಾತ್ರೆಯ ಹಾಗೆ ಒಂದು ಕಡೆ ನಗ್ಗುತ್ತದೆ. ಅದನ್ನು ಬಡಿದು ಒಂದು ಮಟ್ಟಕ್ಕೆ ತರಬಹುದು. ಆದರೆ ಚಕ್ರ ಎಲ್ಲೋ ಸಿಕ್ಕಿಕೊಂಡು ಸವಾರ ಪಕ್ಕಕ್ಕೆ ಬಿದ್ದರೆ ಇಡೀ ರಿಮ್ ಕರಿದ ಹಪ್ಪಳದಂತೆ ತಿರುಚಿಕೊಳ್ಳುತ್ತದೆ. ಅದಕ್ಕೆ ಮದ್ದಿಲ್ಲ, ಗುಜರಿಗೆ ಹಾಕಬೇಕು.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಬೆನ್ನಿಗೆ ಅಂಟಿಕೊಂಡ ಒಂದು ಬಡಾವಣೆಯಲ್ಲಿ ನನ್ನ ಸೈಕಲ್ ಶಾಪ್ ಇದೆ. ಒಂದು ಮಳೆಗಾಲದಲ್ಲಿ ಹಪ್ಪಳವಾದ ರಿಮ್ಮುಗಳು ಮೇಲಿಂದ ಮೇಲೆ ಬರತೊಡಗಿದವು. ವ್ಯಾಪಾರ ಚೆನ್ನಾಗಿಯೇ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಹೊಸ ರಿಮ್, ಕಡ್ಡಿ, ಕೂಲಿ ಸೇರಿಸಿ ಹೇಳಿದಾಗ ಎದುರಿಗಿದ್ದವನ ಮುಖ ನೋಡಲು ಆಗುತ್ತಿರಲಿಲ್ಲ. ಒಂದು ದಿನ ರಾಯಚೂರಿನ ಕಡೆಯ ಹುಡುಗನೊಬ್ಬ ಮೊಣಕೈಗೆ ಬಟ್ಟೆ ಸುತ್ತಿಕೊಂಡು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ತಂದ. "ಎಲ್ಲಿ ಬಿದ್ದೆಯಪ್ಪಾ?" ಎಂದೆ. "ಅಲ್ಲೇ ಅಣ್ಣಾ, ಕಾಲುವೆ ತಿರುವಿನಲ್ಲಿ, ಎಲ್ಲರೂ ಬೀಳುವ ಜಾಗದಲ್ಲಿ" ಎಂದ. ಎಲ್ಲರೂ ಬೀಳುವ ಜಾಗ ಎಂದು ಅದಕ್ಕೊಂದು ಹೆಸರೇ ಬಿದ್ದಿತ್ತು. ನನಗೆ ಮಾತ್ರ ಗೊತ್ತಿರಲಿಲ್ಲ.

ಅಂದಿನಿಂದ ಉದ್ರಿ ಪುಸ್ತಕವನ್ನು ಹಿಂದಿನಿಂದ ತಿರುಗಿಸಿ ಬರೆಯತೊಡಗಿದೆ. ಮುಂದಿನಿಂದ ಯಾರು ಎಷ್ಟು ಕೊಡಬೇಕು, ಹಿಂದಿನಿಂದ ಯಾರು ಎಲ್ಲಿ ಬಿದ್ದರು. ದಿನ, ಹೊತ್ತು, ಏನು ಮುರಿಯಿತು, ಎಲ್ಲಿ. ಹೆಸರು ಬರೆಯುತ್ತಿರಲಿಲ್ಲ. ಎರಡು ತಿಂಗಳಾದ ಮೇಲೆ ಬಡಾವಣೆಯ ನಕ್ಷೆಯನ್ನು ಕೈಯಲ್ಲೇ ಬಿಡಿಸಿ ಚುಕ್ಕಿ ಇಟ್ಟೆ. ಚುಕ್ಕಿಗಳು ಎಲ್ಲೆಂದರಲ್ಲಿ ಬೀಳಲಿಲ್ಲ, ಮೂರು ಕಡೆ ಇರುವೆಗಳಂತೆ ಗುಂಪುಗೂಡಿದವು.

ಮೊದಲನೆಯದು ಆ ತಿರುವು. ರಾಜಕಾಲುವೆಯ ಪಕ್ಕದ ರಸ್ತೆಯಲ್ಲಿ ಮಳೆನೀರು ಇಳಿಯಲು ಕಬ್ಬಿಣದ ಜಾಲರಿಗಳನ್ನು ಹಾಕಿದ್ದಾರೆ. ಅವುಗಳ ಪಟ್ಟಿಗಳು ಅಡ್ಡಕ್ಕಿರದೆ ರಸ್ತೆಯ ಉದ್ದಕ್ಕೇ ಇದ್ದವು. ನಮ್ಮ ಕಡೆಯ ಕಾರ್ಮಿಕರ ಸೈಕಲ್ಲಿಗೆ 28 ಇಂಚಿನ ಚಕ್ರ, ಒಂದೂವರೆ ಇಂಚಿನ ಟಯರ್. ಪಟ್ಟಿಗಳ ನಡುವಿನ ಸಂದು ಅದಕ್ಕಿಂತ ತುಸು ಹೆಚ್ಚು. ಮುಂದಿನ ಚಕ್ರ ಅದರೊಳಗೆ ಇಳಿದರೆ ಹ್ಯಾಂಡಲ್ ತಿರುಗುವುದಿಲ್ಲ, ಸವಾರ ಮಾತ್ರ ಮುಂದೆ ಹೋಗುತ್ತಾನೆ. ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಭಾರ ಹಿಂದೆ ಬೀಳುತ್ತದೆ ಎಂದು ಹಳಬರು ಮಾಡಿದ ಲೆಕ್ಕ ಅದು. ಜಾಲರಿಯ ಹೊಡೆತ ಮಾತ್ರ ಆ 32ರ ಮೇಲೆಯೇ ಬೀಳುತ್ತದೆ. ಸ್ಕೂಟರಿನ ದಪ್ಪ ಟಯರಿಗೆ ಇಲ್ಲಿ ಏನೂ ಆಗದು, ಕಾರಿನವರಿಗೆ ಅಲ್ಲೊಂದು ಜಾಲರಿ ಇದೆಯೆಂದೇ ತಿಳಿಯದು.

ಪುಸ್ತಕ ಹಿಡಿದು ಸಂಬಂಧಪಟ್ಟ ಕಚೇರಿಗೆ ಹೋದೆ. ಒಬ್ಬ ಕಿರಿಯ ಎಂಜಿನಿಯರ್ ಒಳ್ಳೆಯವರು, ಬಂದು ನೋಡುತ್ತೇನೆ ಎಂದರು, ಬಂದರು ಕೂಡ. ಬೆಳಗ್ಗೆ ಹನ್ನೊಂದು ಗಂಟೆಗೆ. ಅರ್ಧ ಗಂಟೆ ನಿಂತರೂ ನಾಲ್ಕೈದು ಸೈಕಲ್ ಹೋದವೋ ಇಲ್ಲವೋ. "ಯಜಮಾನರೇ, ಈ ಕಾಲದಲ್ಲಿ ಸೈಕಲ್ ಯಾರು ಹೊಡೆಯುತ್ತಾರೆ?" ಎಂದರು. ಹನ್ನೊಂದಕ್ಕೆ ಸೈಕಲ್ಲುಗಳು ಕಾರ್ಖಾನೆಯ ಶೆಡ್ಡಿನಲ್ಲಿ ಸ್ಟ್ಯಾಂಡ್ ಹಾಕಿಕೊಂಡು ನಿಂತಿರುತ್ತವೆ ಸ್ವಾಮಿ, ನಮ್ಮಲ್ಲಿ ಪಾಳಿ ಬದಲಾಗುವುದು ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ಎಂದೆ. ಮಧ್ಯಾಹ್ನ ಒಂದೂವರೆಗೆ ಮತ್ತೊಮ್ಮೆ ಬನ್ನಿ ಎಂದು ಕೇಳಿಕೊಂಡೆ. ಎರಡನೆಯ ಸಲ ಬಂದಾಗ ಅವರು ಹೆಚ್ಚು ಮಾತನಾಡಲಿಲ್ಲ. ಹೋಗುವವರು, ಬರುವವರು, ಕ್ಯಾರಿಯರಿನಲ್ಲಿ ಊಟದ ಡಬ್ಬಿ, ಬಾರಿನ ಮೇಲೆ ಇನ್ನೊಬ್ಬ ಗೆಳೆಯ. ಜಾಲರಿ ಹತ್ತಿರವಾದಾಗ ಎಲ್ಲರೂ ಒಂದೇ ಸಮನೆ ರಸ್ತೆಯ ನಡುವಿಗೆ ಸರಿಯುತ್ತಿದ್ದರು, ಅಲ್ಲಿ ಟೆಂಪೊಗಳು ಹಾರ್ನ್ ಹೊಡೆಯುತ್ತಿದ್ದವು. ಬೀಳುವುದನ್ನು ತಪ್ಪಿಸಿಕೊಳ್ಳಲು ಹೋಗಿ ಗಾಡಿಗೆ ಸಿಕ್ಕುವ ಅಪಾಯ. ಅದನ್ನು ಎಂಜಿನಿಯರ್ ತಾವೇ ಗುರುತಿಸಿದರು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. 2011ರ ಜನಗಣತಿಯಲ್ಲಿ, ಕೃಷಿ ಮತ್ತು ಗೃಹ ಕೈಗಾರಿಕೆಯ ಹೊರಗೆ ದುಡಿಯುವವರು ಕೆಲಸಕ್ಕೆ ಹೇಗೆ ಹೋಗುತ್ತಾರೆ ಎಂದು ಕೇಳಿದ್ದರು. ಇಡೀ ದೇಶದಲ್ಲಿ ಸುಮಾರು ನೂರಕ್ಕೆ 13 ಜನ ಸೈಕಲ್ಲಿನಲ್ಲಿ ಎಂದಿದ್ದರು. ಕಾರಿನಲ್ಲಿ ಹೋಗುವವರು ಅದರ ಅರ್ಧವೂ ಇರಲಿಲ್ಲ. ಈ ಅಂಕಿಯನ್ನು ನಮ್ಮ ಅರ್ಜಿಯ ಮೊದಲ ಸಾಲಿಗೇ ಹಾಕಿದೆ. 2020ರಲ್ಲಿ ಐಟಿ ಕಂಪನಿಗಳಿರುವ ಹೊರವರ್ತುಲ ರಸ್ತೆಯಲ್ಲಿ ಬೊಲ್ಲಾರ್ಡ್ ಎಂಬ ಗಿಡ್ಡ ಕಂಬಗಳನ್ನು ನಿಲ್ಲಿಸಿ ಸೈಕಲ್ ಪಥ ಮಾಡಿದಾಗ ಪತ್ರಿಕೆಯಲ್ಲಿ ಫೋಟೊ ನೋಡಿ ನಮ್ಮ ಹುಡುಗರು ನಕ್ಕಿದ್ದರು. ಪಥದ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ನಮ್ಮ ಗಲ್ಲಿಗಳಲ್ಲಿ ಪಥಕ್ಕೆ ಬೇಕಾದ ಎರಡು ಮೀಟರ್ ಜಾಗ ಬಿಟ್ಟರೆ ಉಳಿಯುವುದು ಮನೆಗಳ ಮೆಟ್ಟಿಲು ಮಾತ್ರ. ನಮಗೆ ಬೇಕಾಗಿದ್ದದ್ದು ಬೀಳದ ಹಾಗೆ ಮಾಡುವ ಸಣ್ಣ ಸಣ್ಣ ಕೆಲಸಗಳು.

ಜಾಲರಿಯ ಕೆಲಸ ಸುಲಭವಾಗಿ ಆಯಿತು. ಪೀಣ್ಯದಲ್ಲಿ ವೆಲ್ಡಿಂಗ್ ಮಾಡುವವರಿಗೆ ಬರವೇ? ಆದರೆ ಸರ್ಕಾರಿ ಸೊತ್ತನ್ನು ನಾವಾಗಿ ಮುಟ್ಟುವಂತಿಲ್ಲ. ಎಂಜಿನಿಯರ್ ಕಾಗದದ ಮೇಲೆ ಅನುಮತಿ ಕೊಟ್ಟರು, ಒಂದು ಭಾನುವಾರ ಅವರ ಕೆಲಸಗಾರನೂ ನಿಂತಿದ್ದ. ಪ್ರತಿ ಜಾಲರಿಯ ಮೇಲೆ ಅಡ್ಡಡ್ಡಲಾಗಿ ತೆಳು ಪಟ್ಟಿಗಳನ್ನು ಗೇಣಿಗೊಂದರಂತೆ ಬೆಸೆದೆವು. ಇನ್ನೂ ಹತ್ತಿರ ಹಾಕೋಣ ಎಂದು ನಾನು ಹಟ ಹಿಡಿದಿದ್ದೆ, ಅವರು ಬೇಡ ಎಂದರು. ಎಲೆ, ಪ್ಲಾಸ್ಟಿಕ್ ಸಿಕ್ಕಿ ನೀರು ಇಳಿಯದೆ ರಸ್ತೆಯೇ ಕೆರೆಯಾಗುತ್ತದೆ ಎಂದರು. ಅವರು ಹೇಳಿದ್ದೇ ಸರಿ.

ಎರಡನೆಯ ಗುಂಪಿನಲ್ಲಿ ಪಂಕ್ಚರಿನ ಚುಕ್ಕಿಗಳೇ ಹೆಚ್ಚು. ಟ್ಯೂಬನ್ನು ನೀರಿನ ಬೇಸಿನ್ನಿನಲ್ಲಿ ಮುಳುಗಿಸಿದರೆ ಗುಳ್ಳೆ ಏಳುವ ಜಾಗ ತಿಳಿಯುತ್ತದೆ, ಚುಚ್ಚಿದ್ದು ಏನೆಂದು ತಿಳಿಯುವುದು ಟಯರಿನ ಒಳಗೆ ಬೆರಳಾಡಿಸಿದಾಗ. ಹೊಸಬರು ಬರಿ ಬೆರಳಿನಲ್ಲಿ ಆಡಿಸಿ ರಕ್ತ ಬರಿಸಿಕೊಳ್ಳುತ್ತಾರೆ, ನಾನು ಹಳೆಯ ಬನಿಯನ್ನಿನ ತುಂಡು ಸುತ್ತಿಕೊಳ್ಳುತ್ತೇನೆ. ಬೇರೆ ಊರುಗಳಲ್ಲಿ ಮುಳ್ಳೋ ಮೊಳೆಯೋ ಸಿಗುತ್ತದೆ. ನಮ್ಮಲ್ಲಿ ಸಿಗುವುದು ಲೋಹ ಕಡೆಯುವ ಲೇತ್ ಯಂತ್ರದಿಂದ ಉದುರುವ ಕಬ್ಬಿಣದ ಸುರುಳಿ, ಉಗುರಿನ ಚೂರಿನಷ್ಟು, ನೀಲಿ ಬಣ್ಣಕ್ಕೆ ತಿರುಗಿದ್ದು, ಬ್ಲೇಡಿನಷ್ಟು ಹರಿತ. ಗುಜರಿಗೆ ಹೋಗುವ ಟೆಂಪೊಗಳಿಂದ ಇದು ದಾರಿಯುದ್ದಕ್ಕೂ ಉದುರುತ್ತದೆ. ಪಂಕ್ಚರ್ ಆದರೆ ಏನು ಮಹಾ ಎನ್ನಬಹುದು. ಬೆಳಗ್ಗೆ ಐದೂಮುಕ್ಕಾಲಿಗೆ ಗಾಳಿ ಹೋದರೆ ಗೇಟಿನಲ್ಲಿ ಅರ್ಧ ದಿನದ ಸಂಬಳ ಹೋಗುತ್ತದೆ. ಹಾಗಾಗಿ ಜನ ಆ ಒಳದಾರಿಯನ್ನೇ ಬಿಟ್ಟು ಲಾರಿ ಓಡಾಡುವ ದೊಡ್ಡ ರಸ್ತೆಗೆ ಹೋಗುತ್ತಿದ್ದರು.

ಶಾಮಿಯಾನದ ಅಂಗಡಿಯಿಂದ ಕೆಟ್ಟುಹೋದ ಧ್ವನಿವರ್ಧಕಗಳ ಅಯಸ್ಕಾಂತಗಳನ್ನು ತಂದು ಹಲಗೆಯ ಅಡಿಗೆ ಸಾಲಾಗಿ ಬಿಗಿದೆ. ಸೈಕಲ್ಲಿನ ಹಿಂದೆ ಕಟ್ಟಿ ಎಳೆದರೆ ರಸ್ತೆ ಗುಡಿಸಿದ ಹಾಗಾಯಿತು ಎಂದು ಲೆಕ್ಕ. ಮೊದಲ ದಿನ ಅದು ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳಕ್ಕೆ ಕಚ್ಚಿಕೊಂಡು ನಿಂತಿತು, ನಾನು ಹ್ಯಾಂಡಲ್ ಮೇಲೆ ಬಾಗಿದೆ. ಆಚೆ ಕಡೆ ಚಹಾ ಕುಡಿಯುತ್ತಿದ್ದವರಿಗೆ ಒಂದು ವಾರಕ್ಕಾಗುವಷ್ಟು ನಗು. ಆಮೇಲೆ ಚಿಕ್ಕ ಗಾಲಿಗಳನ್ನು ಹಾಕಿ ಹಲಗೆಯನ್ನು ನೆಲದಿಂದ ಎರಡು ಬೆರಳು ಎತ್ತರಿಸಿದ ಮೇಲೆ ಸರಿಯಾಯಿತು. ಹಿತ್ತಾಳೆ ಮತ್ತು ಅಲ್ಯೂಮಿನಿಯಂ ಚೂರು ಅದಕ್ಕೆ ಸಿಗುವುದಿಲ್ಲ, ಸ್ಟೇನ್‌ಲೆಸ್ ಸ್ಟೀಲಿನದೂ ಬಹುಪಾಲು ಸಿಗುವುದಿಲ್ಲ. ಕಬ್ಬಿಣ ಮಾತ್ರ ಮುಳ್ಳುಹಂದಿಯ ಹಾಗೆ ನಿಮಿರಿಕೊಂಡು ಬರುತ್ತದೆ. ಒಂದು ತಿಂಗಳಲ್ಲಿ ಸಿಕ್ಕಿದ್ದನ್ನು ಎಣ್ಣೆಯ ಡಬ್ಬಿಯಲ್ಲಿ ತುಂಬಿ ಗುಜರಿ ಅಂಗಡಿಯವರ ಮೇಜಿನ ಮೇಲಿಟ್ಟೆ. "ಇದು ನಿಮ್ಮದೇ ಮಾಲು, ತೂಕ ಹಾಕಿ" ಎಂದೆ. ಟೆಂಪೊಗೆ ಟಾರ್ಪಾಲ್ ಕಟ್ಟಿ ಎಂದು ಅಷ್ಟು ದಿನ ಬೇಡಿದಾಗ ತಲೆಯಾಡಿಸಿದ್ದವರು ಅಂದು ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿ ಮಗನನ್ನು ಕರೆದರು. ಈಗ ಅವರ ಟೆಂಪೊಗಳಿಗೆ ಟಾರ್ಪಾಲ್ ಇದೆ. ಉಳಿದವರದಕ್ಕೆ ಇಲ್ಲ.

ಮೂರನೆಯದು ತುಮಕೂರು ರಸ್ತೆಯ ಸರ್ವಿಸ್ ರಸ್ತೆ. ಅಲ್ಲಿ ಬಿದ್ದವರೆಲ್ಲ ಎದುರು ದಿಕ್ಕಿನಲ್ಲಿ ಹೋಗುತ್ತಿದ್ದವರು. ಮೊದಲು ನನಗೂ ಸಿಟ್ಟೇ ಬಂದಿತ್ತು, ತಪ್ಪು ದಾರಿಯಲ್ಲಿ ಹೋಗಿ ಬಿದ್ದರೆ ಯಾರೇನು ಮಾಡುವುದು ಎಂದು. ಒಂದು ಬೆಳಗ್ಗೆ ನಾನೇ ಸರಿಯಾದ ದಿಕ್ಕಿನಲ್ಲಿ ಹೋಗಿ ನೋಡಿದೆ. ಮುಂದೆ ಹೋಗಿ, ಕೆಳಸೇತುವೆ ಹುಡುಕಿ, ಲಾರಿಗಳ ನಡುವೆ ತಿರುಗಿ ಬರುವಷ್ಟರಲ್ಲಿ ಅಂಗಿ ಒದ್ದೆ. ಇಷ್ಟು ಸುತ್ತು ಹಾಕಿಸಿ ನಿಯಮ ಪಾಲಿಸಿ ಎನ್ನುವುದು ಮೋಟಾರು ಇರುವವರ ಮಾತು. ದಾಟಲು ಜಾಗ ಕೊಡಿ ಎಂದು ಬರೆದ ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು ನನ್ನ ಕೈಗೇ ವಾಪಸು ಬಂತು. ಅಲ್ಲಿ ನಾವು ಸೋತೆವು, ಇವತ್ತಿಗೂ ಸೋತೇ ಇದ್ದೇವೆ.

ಸೋತ ಮೇಲೆ ಹಳೆಯ ಗಿರಾಕಿಯೊಬ್ಬರು ಹೇಳಿದ ಮಾತು ನೆನಪಾಯಿತು. ಹಿಂದೆ ಮುಚ್ಚಿದ ಕಾರ್ಖಾನೆಯೊಂದರ ಪಕ್ಕದ ಓಣಿಯಿಂದ ಹೋದರೆ ಸರ್ವಿಸ್ ರಸ್ತೆಯ ಹಂಗೇ ಇರಲಿಲ್ಲವಂತೆ. ಹೋಗಿ ನೋಡಿದರೆ ಓಣಿ ಇದೆ, ಕೊನೆಗೊಂದು ಗೇಟು, ಗೇಟಿಗೊಂದು ಬೀಗ. ಬೆಳಗ್ಗೆ ಏಳಕ್ಕೆ ತೆಗೆದು ರಾತ್ರಿ ಒಂಬತ್ತಕ್ಕೆ ಹಾಕುತ್ತಾರೆ, ಪಾಳಿಯವರಿಗೆ ಎರಡು ಹೊತ್ತಿನಲ್ಲೂ ಕೆಲಸಕ್ಕೆ ಬಾರದ ಹಾಗೆ. ಮಾಲೀಕರಿಗೆ ಕಳ್ಳತನದ ಭಯ. ಅವರ ಕಾವಲುಗಾರ ನನ್ನ ಗಿರಾಕಿಯೇ. ಅವನ ಸೈಕಲ್ಲಿನ ರಿಪೇರಿ ನನ್ನದು, ಗೇಟು ಐದೂವರೆಗೆ ತೆಗೆದು ಹತ್ತೂವರೆಗೆ ಹಾಕುವುದು ಅವನದು ಎಂದು ಮಾಲೀಕರ ಎದುರಿನಲ್ಲೇ ಮಾತಾಯಿತು. ಗಾಡಿಗಳು ನುಗ್ಗದಂತೆ ನಡುವೆ ಎರಡು ಕಂಬ ನೆಟ್ಟೆವು. ನಾನು ಮಾಡಿದ್ದರಲ್ಲೆಲ್ಲ ಇದಕ್ಕೆ ತಗುಲಿದ ಖರ್ಚು ಕಡಿಮೆ, ಉಪಯೋಗ ಹೆಚ್ಚು.

ಆ ಓಣಿಯ ತುದಿಯಲ್ಲಿ ಕಾಲುವೆಗೆ ಒಂದು ಕಿರುಸೇತುವೆ, ಹತ್ತಲು ಏಳು ಮೆಟ್ಟಿಲು. ಮೆಟ್ಟಿಲ ಪಕ್ಕಕ್ಕೆ ಕಬ್ಬಿಣದ ಚಾನೆಲ್ ಮಲಗಿಸಿದರೆ ಚಕ್ರ ಅದರಲ್ಲಿ ಉರುಳಿಸಿಕೊಂಡು ಹತ್ತಬಹುದು. ಇಲ್ಲಿಯೂ ಅನುಮತಿ ಪಡೆದೇ ಹಾಕಿದೆವು, ಆದರೆ ತಪ್ಪು ಹಾಕಿದೆವು. ಕಂಬಿಗೆ ತೀರಾ ಒತ್ತಿ ಕೂರಿಸಿದ್ದರಿಂದ ಪೆಡಲ್ ಕಂಬಿಗೆ ಬಡಿಯುತ್ತಿತ್ತು, ಹ್ಯಾಂಡಲ್ ಸಿಕ್ಕಿಕೊಳ್ಳುತ್ತಿತ್ತು. ಮೂವತ್ತು ವರ್ಷ ಸೈಕಲ್ ಬಿಚ್ಚಿ ಜೋಡಿಸಿದವನಿಗೆ ಪೆಡಲ್ ಎಷ್ಟು ಹೊರಗೆ ಚಾಚಿರುತ್ತದೆ ಎಂಬುದು ಮರೆತುಹೋಗಿತ್ತು! ಬಿಚ್ಚಿ, ಒಂದು ಮೊಳ ಈಚೆಗೆ ತಂದು ಮತ್ತೆ ಹಾಕಿದೆವು. ರಸ್ತೆ ಉಬ್ಬುಗಳ ಕಥೆ ಚಿಕ್ಕದು. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ರಸ್ತೆ ಉಬ್ಬು 3.7 ಮೀಟರ್ ಅಗಲ, ಹತ್ತು ಸೆಂಟಿಮೀಟರ್ ಎತ್ತರ. ನಮ್ಮ ಬೀದಿಯವರು ತಾವೇ ಹಾಕಿಕೊಂಡದ್ದು ಮಲಗಿದ ಹಂದಿಯಂತಿತ್ತು. ಒಂದನ್ನು ತೆಗೆಸಿದೆವು, ಇನ್ನೊಂದರ ಮನೆಯವರು ಜಗಳಕ್ಕೆ ಬಂದರು, ಬಿಟ್ಟೆವು.

ಒಂದು ವರ್ಷ ಕಳೆದ ಮೇಲೆ ಪುಸ್ತಕದ ಹಿಂದಿನ ಪುಟಗಳನ್ನು ನನ್ನ ಹೆಂಡತಿ ಓದಿದಳು. ಅವಳು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸದವಳು, ದಿನಾ ಎರಡು ಕಿಲೋಮೀಟರ್ ನಡೆದು ಹೋಗುತ್ತಾಳೆ. "ಇದರಲ್ಲಿ ಒಬ್ಬ ಹೆಂಗಸೂ ಬಿದ್ದಿಲ್ಲವಲ್ಲ" ಎಂದಳು. ಸೈಕಲ್ ಹೊಡೆದರೆ ತಾನೇ ಬೀಳುವುದು? ನನ್ನ ನಕ್ಷೆಯಲ್ಲಿ ಇದ್ದವರು ಧೈರ್ಯ ಮಾಡಿ ರಸ್ತೆಗೆ ಇಳಿದವರು ಮಾತ್ರ. ಇಳಿಯದೆ ಉಳಿದವರ ರಿಮ್ ನನ್ನ ಅಂಗಡಿಗೆ ಬರುವುದೇ ಇಲ್ಲ. ಇಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

ಸೈಕಲ್ ಇರಲಿಲ್ಲವೆಂದಲ್ಲ. 2006-07ರಿಂದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡತೊಡಗಿತ್ತು. ಕೊರೋನಾ ಬಂದು ಆ ಯೋಜನೆ ನಿಲ್ಲುವವರೆಗೂ ಪ್ರತಿವರ್ಷ ಹೊಸ ಸೈಕಲ್ಲುಗಳ ನಟ್ಟು ಬಿಗಿಸಲು ಹೆಣ್ಣುಮಕ್ಕಳು ನನ್ನ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಹತ್ತನೆಯ ತರಗತಿ ಮುಗಿದ ಮೇಲೆ ಅದೇ ಸೈಕಲ್ಲುಗಳು ಮನೆಯ ಸಂದಿಯಲ್ಲಿ ತುಕ್ಕು ಹಿಡಿದು ನಿಂತವು. ಏಕೆ ಎಂದು ತಾಯಂದಿರನ್ನು ಕೇಳಲು ಹೆಂಡತಿಯನ್ನೇ ಕಳುಹಿಸಿದೆ, ನನಗೆ ಹೇಳುವುದಿಲ್ಲ ಎಂದು ಗೊತ್ತಿತ್ತು. ಅವರು ಜಾಲರಿಯ ಮಾತೆತ್ತಲಿಲ್ಲ, ಲಾರಿಯ ಮಾತನ್ನೂ ಎತ್ತಲಿಲ್ಲ. ಮದ್ಯದಂಗಡಿಯ ಮೂಲೆ, ಬೆಳಕಿಲ್ಲದ ಕಾಲುವೆ ದಂಡೆ, ಮತ್ತು ನಾನು ಹೆಮ್ಮೆಯಿಂದ ತೆಗೆಸಿದ ಆ ಓಣಿ. ಎರಡೂ ಕಡೆ ಗೋಡೆ, ನಡುವೆ ಯಾರೂ ಇಲ್ಲ, ಅಲ್ಲಿ ಮಗಳನ್ನು ಹೇಗೆ ಕಳುಹಿಸುವುದು ಎಂದರಂತೆ.

ಈಗ ಪುಸ್ತಕದಲ್ಲಿ ಇನ್ನೊಂದು ಕಲಂ ಇದೆ, ಬರೆಯುವವಳು ನನ್ನ ಹೆಂಡತಿ. ಒಂದು ಸಂಜೆ ಹೊಲಿಗೆಯವರು ಐದಾರು ಜನ ಓಣಿಯಲ್ಲಿ ನಡೆದುಹೋಗಿ ಎಲ್ಲೆಲ್ಲಿ ದೀಪ ಬೇಕೆಂದು ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಐದು ಗುರುತಿಗೆ ಎರಡು ದೀಪ ಬಂದಿವೆ. ಮೂರನೆಯ ಕಂಬ ನಿಂತಿದೆ, ಬಲ್ಬ್ ಇಲ್ಲ. ಓಣಿಯ ಬಾಯಿಗೆ ಇಡ್ಲಿ ಗಾಡಿಯವಳೊಬ್ಬಳು ಬಂದು ನಿಲ್ಲುವುದಾಗಿ ಒಪ್ಪಿದ್ದಾಳೆ, ಬೆಳಗಿನ ಹೊತ್ತಿಗೆ. ರಾತ್ರಿಗೆ ಇನ್ನೂ ಯಾರೂ ಇಲ್ಲ.

ಹೋದ ವಾರ ಪಕ್ಕದ ಬೀದಿಯ ತಾಯಿಯೊಬ್ಬರು ತುಕ್ಕು ಹಿಡಿದ ಶಾಲೆಯ ಸೈಕಲ್ಲನ್ನು ತಳ್ಳಿಕೊಂಡು ಬಂದರು. ಚೈನಿಗೆ ಎಣ್ಣೆ ಹಾಕಿ, ಎರಡೂ ಟ್ಯೂಬ್ ಬದಲಾಯಿಸಿ, ಬ್ರೇಕ್ ಬಿಗಿ ಮಾಡಿಕೊಟ್ಟೆ. "ಮಗಳು ಕೆಲಸಕ್ಕೆ ಇದರಲ್ಲೇ ಹೋಗುತ್ತಾಳೇನಮ್ಮಾ?" ಎಂದು ಕೇಳಿದೆ.

"ನೋಡೋಣ ಅಣ್ಣಾ. ಆ ಮೂರನೇ ಕಂಬಕ್ಕೆ ಬಲ್ಬ್ ಹಾಕಿಸಿ" ಎಂದರು.